ಸ್ಟೂಲಿನ ಮೇಲೆ ಕೂತ ಪ್ರಮಾಣಪತ್ರ

ಕಲ್ಲುಮಟ್ಟಿಯಲ್ಲಿ ಒಬ್ಬ ತಾಯಿ, ಒಬ್ಬ ಮಗ. ತಾಯಿ ಹುಲಿಗೆವ್ವನಿಗೆ ಓದು ಬಾರದು, ಪಂಪು ಬರುತ್ತದೆ. ಮಗ ಯಂಕೋಬನಿಗೆ ಓದು ಬರುತ್ತದೆ, ಮತ್ತೇನೂ ಬಾರದು.

ಗಂಡ ಸತ್ತ ಮೇಲೆ ಇಪ್ಪತ್ತೆರಡು ವರ್ಷ ಹೊಳೆದಂಡೆಯ ಪಂಪ್‌ಹೌಸನ್ನು ಅವಳೇ ನಡೆಸಿದ್ದಳು. ಪೈಪಿನ ಮೇಲೆ ಅಂಗೈ ಇಟ್ಟರೆ ಸಾಕು, ನೀರು ಏರುತ್ತಿದೆಯೋ ಇಲ್ಲವೋ ಹೇಳುತ್ತಿದ್ದಳು. ಆ ಹೊಳೆನೀರು ನಿಂತರೆ ಊರಿಗೆ ಫ್ಲೋರೈಡು ತುಂಬಿದ ಬೋರಿನ ನೀರೇ ಗತಿ. ಅದನ್ನು ಕುಡಿದ ಮಕ್ಕಳ ಕಾಲು ಬಿಲ್ಲಿನಂತೆ ಬಾಗಿದ್ದನ್ನು ಊರು ಕಂಡಿದೆ.

ಇಂಥವಳಿಗೆ ಇಲಾಖೆಯಿಂದ ಕಾಗದ ಬಂತು. ಪ್ರಮಾಣಪತ್ರ ಇಲ್ಲದವರು ಪಂಪು ನಡೆಸುವಂತಿಲ್ಲ. ಡಿಪ್ಲೊಮಾ ಆದ ಯಂಕೋಬನಿಗೆ ಎಂಟು ದಿನದೊಳಗೆ ಕೆಲಸ ಒಪ್ಪಿಸಬೇಕು. ಮಗ ಓದಲೆಂದು ಮೈ ಮುರಿದು ದುಡಿದವಳು ಅವಳೇ. ಆ ಓದೇ ಅವಳನ್ನು ಹೊರಗೆ ಹಾಕಿತು. ಇರಲಿ, ಎಂಟು ದಿನದಲ್ಲಿ ಕಲಿಸಿಬಿಟ್ಟರೆ ಊರಿಗೆ ನೀರು ತಪ್ಪುವುದಿಲ್ಲ ಎಂದುಕೊಂಡಳು.

ಮೊದಲ ದಿನ, ಪಂಪಿನ ಹೊಟ್ಟೆ ತುಂಬಿ ಮೇಲೆ ಉಕ್ಕುವವರೆಗೆ ನೀರು ಹೊಯ್ಯಿ, ಆಮೇಲೆ ಸ್ವಿಚ್ಚು ಹಾಕು ಎಂದು ಹೇಳಿ ಹೋದಳು. ಯಂಕೋಬ ಹೊಯ್ದ. ಹೊಳೆಗೆ ಇಳಿದ, ಕೊಡ ತಂದ, ಹೊಯ್ದ. ಮತ್ತೆ ಇಳಿದ, ತಂದ, ಹೊಯ್ದ. ಉಕ್ಕಲಿಲ್ಲ. ಹೊಳೆಯೊಳಗಿನ ಪೈಪಿನ ತುದಿಯ ವಾಲ್ವಿಗೆ ಕಸ ಸಿಕ್ಕು ಅದು ಮುಚ್ಚದೆ, ಹೊಯ್ದದ್ದೆಲ್ಲ ಹಿಂದಕ್ಕೇ ಇಳಿಯುತ್ತಿತ್ತು. ಮಧ್ಯಾಹ್ನ ಅವಳು ಬಂದಾಗಲೂ ಹೊಳೆಯ ನೀರನ್ನು ಹೊಳೆಗೇ ಹೊರುತ್ತಿದ್ದ.

“ಅಲ್ಲೋ ಮಗನ, ಎಲ್ಲಿ ಸೋರ್ತೈತಿ ಅಂತ ನೋಡಬಾರದಾ? ಸೋರಿದ್ದು ಕಂಡ್ರ ಮೊದಲು ಅದನ್ನ ನಿಲ್ಲಸು.”

“ಹಂಗ ಮಾಡ್ತೀನಿ ಯವ್ವಾ.”

ಮರುದಿನ ಹಾಗೆಯೇ ಮಾಡಿದ. ಪಂಪಿನ ಶಾಫ್ಟು ಹೊರಬರುವ ಕಡೆ, ದಾರ ಸುತ್ತಿ ಬಿಗಿದಲ್ಲಿ, ಹನಿಹನಿ ನೀರು ಬೀಳುತ್ತಿತ್ತು. ಅದು ಬೀಳಲೇಬೇಕು. ಯಂಕೋಬ ಪಾನಾ ತಂದು ನಟ್ಟು ತಿರುಗಿಸಿದ, ಮತ್ತೂ ತಿರುಗಿಸಿದ, ಒಂದು ಹನಿಯೂ ಬೀಳದಂತೆ ಬಿಗಿದ. ದಾರ ಸುಟ್ಟು ಹೊಗೆ ಎದ್ದಿತು. ಹುಲಿಗೆವ್ವ ಓಡಿ ಬಂದು ನಟ್ಟು ಸಡಿಲಿಸುವಷ್ಟರಲ್ಲಿ ಅವಳ ಬೆರಳಿಗೆ ಬೊಬ್ಬೆ ಬಂದಿತ್ತು. ಹನಿ ಬಿದ್ದರೇ ಶಾಫ್ಟು ತಣ್ಣಗಿರುತ್ತದೆ ಎಂದು ಬೈದಳು.

“ಪುಸ್ತಕದಾಗೂ ಹಂಗ ಐತಿ ಯವ್ವಾ.”

“ಹಂಗಾರ ಯಾಕ ಬಿಗದಿ?”

“ನೀನ ಹೇಳಿದ್ದಿ.”

ಇನ್ನು ಮೇಲೆ ಕೈಯಿಟ್ಟು ನೋಡು, ಬಿಸಿಯಾದರೆ ಆರಿಸು ಎಂದಳು. ಮೂರನೇ ದಿನ ಕೈಯಿಟ್ಟ. ಓಡುವ ಮೋಟಾರು ಬೆಚ್ಚಗಿರದೆ ಇನ್ನೇನು? ಬೆಚ್ಚಗಾಯಿತು, ಆರಿಸಿದ. ತಣ್ಣಗಾಯಿತು, ಹಾಕಿದ. ಬೆಚ್ಚಗಾಯಿತು, ಆರಿಸಿದ. ಸಂಜೆಯವರೆಗೆ ಇದೇ ಕೆಲಸ. ಊರಿನ ನಲ್ಲಿಗಳು ಬುಸ್ಸೆಂದು ಗಾಳಿ ಬಿಟ್ಟವು. ಹೆಂಗಸರು ಕೊಡ ಎತ್ತಿಕೊಂಡು ಬೋರಿನ ಕಡೆ ನಡೆದರು.

ಆ ದಿನ ಹುಲಿಗೆವ್ವ ಬೈಯಲಿಲ್ಲ. ಮಗನ ಮೆತ್ತನೆಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕೂತಳು.

“ಗೊತ್ತಿಲ್ಲದವರು ಇದನ್ನ ಮುಟ್ಟಬಾರದು ಯಂಕೋಬಾ. ನೀನೂ ಮುಟ್ಟಬ್ಯಾಡ. ಗೊತ್ತಿದ್ದವರನ್ನಷ್ಟ ಒಳಗ ಬಿಡು.”

ತನ್ನನ್ನು ಒಳಗೆ ಬಿಡು ಎಂಬುದು ಅವಳ ಮಾತಿನ ಅರ್ಥ. ಉಳಿದ ದಿನಗಳಲ್ಲಿ ಅವಳೇ ಪಂಪು ನಡೆಸಿದಳು, ಊರು ನೀರು ಕುಡಿಯಿತು.

ಒಂಬತ್ತನೆಯ ಬೆಳಿಗ್ಗೆ ಕೀಲಿಕೈ ಯಂಕೋಬನ ಪಾಲಿಗೆ ಬಂತು. ಅವನು ಯೋಚಿಸಿದ. ತನಗೆ ಗೊತ್ತಿಲ್ಲವೆಂದು ತಾಯಿ ಹೇಳಿದ್ದಾಳೆ. ತಾಯಿಗೆ ಗೊತ್ತಿಲ್ಲವೆಂದು ಇಲಾಖೆ ಹೇಳಿದೆ. ಇನ್ನು ಉಳಿದವರು ಯಾರು? ಮನೆಯ ಗೋಡೆಯಿಂದ ಕಟ್ಟು ಹಾಕಿಸಿದ ತನ್ನ ಪ್ರಮಾಣಪತ್ರವನ್ನು ಇಳಿಸಿ ತಂದ. ಸ್ವಿಚ್ಚಿನ ಮುಂದೆ ಸ್ಟೂಲು ಹಾಕಿ, ಅದರ ಮೇಲೆ ಕೂರಿಸಿ, ಬೀಗ ಜಡಿದು ಹೊರಗೆ ನಿಂತ.

ಹುಲಿಗೆವ್ವ ಬಂದು, ಒಳಗೆ ಯಾರಿದ್ದಾರೆ ಎಂದು ಕೇಳಿದಳು.

“ಗೊತ್ತಿದ್ದವರು ಅದಾರ ಯವ್ವಾ.”

“ಕೀಲಿಕೈ ಕೊಡು.”

“ನಿನ್ನ ಹತ್ರ ಕಾಗದ ಐತೇನು?”

ಅಷ್ಟರಲ್ಲಿ ಇಲಾಖೆಯ ಸಾಹೇಬ ಜೀಪಿನಲ್ಲಿ ಬಂದ. ಕಿಟಕಿಯಿಂದ ಇಣುಕಿದ. ಪ್ರಮಾಣಪತ್ರವಿತ್ತು, ಅದರ ಮೇಲೆ ಮೊಹರಿತ್ತು. ಎಲ್ಲ ಸರಿಯಿದೆ ಎಂದು ಬರೆದುಕೊಂಡು ಹೋದ. ಯಂಕೋಬನನ್ನು ಪೆದ್ದ ಎನ್ನುತ್ತೀರಿ. ಈ ಸಾಹೇಬನನ್ನು ಏನೆನ್ನುತ್ತೀರಿ?

ಹುಲಿಗೆವ್ವ ಗೋಡೆಯಿಂದ ಹೊರಬಂದ ಪೈಪಿನ ಮೇಲೆ ಅಂಗೈ ಇಟ್ಟಳು. ಅದು ಅಲುಗಲಿಲ್ಲ.

ತಾಯಿ, ಮಗ ಅಲ್ಲಿ ಬೀಗದ ಮುಂದೆ ನಿಂತಿದ್ದಾರೆ. ಊರವರು ನಾವು ಇಲ್ಲಿ ನಲ್ಲಿಯ ಕೆಳಗೆ ಕೊಡ ಇಟ್ಟು ಕೂತಿದ್ದೇವೆ.