ಹೊಗೆಯಿಲ್ಲದ ಶೆಟ್ಟರ ಬಿಳಿ ಶಾಲು

“ಮಹಾಪ್ರಭು, ನನ್ನ ಭಟ್ಟಿಗಳಲ್ಲಿ ಹೊಗೆ ಅಂತ ಒಂದು ಎಳೆಯೂ ಇಲ್ಲ!” ಎಂದು ಗುರುಬಸವ ಶೆಟ್ಟರು ತುಂಬಿದ ಸಭೆಯಲ್ಲಿ ಹೊಟ್ಟೆ ಮುಂದೆ ಮಾಡಿ ಸಾರಿದರು.

ಅದೇ ಹೊತ್ತಿಗೆ ಹೊಳೆಯಾಚೆ ಅವರ ಹನ್ನೆರಡು ಗಾಜಿನ ಭಟ್ಟಿಗಳೂ ಬುಸುಬುಸು ಹೊಗೆ ಕಾರುತ್ತಿದ್ದವು. ಸಭೆಯೆಲ್ಲ ಕೆಮ್ಮುತ್ತಿತ್ತು. ರಾಜ ಬೊಮ್ಮರಸನೂ ಕೆಮ್ಮಿದ. ಅರಮನೆಯ ಔಷಧಶಾಲೆಗೆ ಸೀಸೆ, ಬಟ್ಟಲು, ನಳಿಗೆ ಎಲ್ಲವನ್ನೂ ಒದಗಿಸುವವರು ಈ ಶೆಟ್ಟರೇ. ಊರು ಕೆಮ್ಮಿದಷ್ಟೂ ಕಷಾಯ ಬೇಕು, ಕಷಾಯಕ್ಕೆ ಸೀಸೆ ಬೇಕು, ಸೀಸೆಗೆ ಭಟ್ಟಿ ಉರಿಯಬೇಕು. ಎಂಥ ಸೊಗಸು ನೋಡಿ!

“ಮತ್ತೆ ಆ ಹೊಗೆ?” ರಾಜ ಕಿಟಕಿಯತ್ತ ಕೈ ತೋರಿಸಿದ.

“ಅದು ಭಟ್ಟಿ ಊದುವ ಆಳುಗಳದ್ದು, ಮಹಾಪ್ರಭು. ಒಂದು ವೇಳೆ ನನ್ನದೇ ಅನ್ನಿ, ಹುಣಸೆಗುಡ್ಡದ ಮೇಲೆ ನೂರು ಗಿಡ ನೆಡಿಸಿ ಮಾಳಿಂಗ ಅನ್ನೋನನ್ನು ಕಾವಲಿಟ್ಟಿದ್ದೇನೆ. ಇಲ್ಲಿಯ ಹೊಗೆಯನ್ನು ಅಲ್ಲಿಯ ಗಿಡಗಳು ಕುಡಿಯುತ್ತವೆ. ಸಾಲದ್ದಕ್ಕೆ, ಇನ್ನು ಮೂವತ್ತು ವರ್ಷದಲ್ಲಿ ಹೊಗೆ ಅರ್ಧ ಮಾಡುತ್ತೇನೆಂದು ತಾಮ್ರಪಟವನ್ನೇ ಕೆತ್ತಿಸಿದ್ದೇನೆ!”

ತಾಮ್ರಪಟ ಥಳಥಳ ಅಂದಿತು. ರಾಜನಿಗೆ ಹೊಳೆಯುವ ವಸ್ತುವೆಂದರೆ ಪ್ರಾಣ. “ಭೇಷ್! ನಾಳೆ ನಿಮಗೆ ‘ನಿರ್ಧೂಮವೀರ’ ಎಂಬ ಬಿರುದು, ಮೇಲೊಂದು ಬಿಳಿ ಶಾಲು!” ಎಂದ. ಆಮೇಲೆ ತನ್ನ ಧೋತರ ನೋಡಿಕೊಂಡ. ತುಂಬ ಮಸಿ. “ಹೊಗೆಯೇ ಇಲ್ಲವೆಂದ ಮೇಲೆ ಇದು ಬಟ್ಟೆ ಒಗೆಯುವ ಚೌಡವ್ವನ ಸೋಮಾರಿತನ. ನಾಳೆಯ ಶಾಲು ಹಾಲಿನಂತೆ ಬೆಳ್ಳಗಿಲ್ಲದಿದ್ದರೆ ಅವಳಿಗೆ ಅರಮನೆಯ ಕೆಲಸವಿಲ್ಲ!”

ಚೌಡವ್ವ ಅಳುತ್ತ ವಿದೂಷಕ ಕೇತಣ್ಣನ ಮನೆಗೆ ಓಡಿದಳು. “ಒಗೀತೀನಿ ಅಣ್ಣೋರೆ, ಆದ್ರೆ ಎಲ್ಲಿ ಒಣಗಿಸ್ಲಿ? ಹರವಿದ ಕಡೆಯೆಲ್ಲ ಮಸಿ ಬೀಳ್ತದೆ. ನಲವತ್ತು ವರ್ಷದಿಂದ ಹೊಳೇಲಿ ಅದೇ ಕಲ್ಲಿನ ಮೇಲೆ ಒಗೆದೋಳು, ಈಗ ಎಲ್ಲಿಗೆ ಹೋಗ್ಲಿ?”

“ಮಸಿ ಬೀಳದ ಜಾಗ ಒಂದೂ ಇಲ್ವೇನವ್ವ?”

“ಐತೆ, ಕೋಟೆಯ ಹಿಂದೆ. ಅಲ್ಲಿ ಬರೀ ನಸುಗುನ್ನಿ ಬಳ್ಳಿ. ಕಾಯಿ ಸೋಕಿದ್ರೆ ಮೈಯೆಲ್ಲ ಕೆರ್ಕೊಂಡು ಸಾಯ್ಬೇಕು.”

ಕೇತಣ್ಣ ನಿಂತಲ್ಲೇ ಕುಣಿದುಬಿಟ್ಟ. “ಅಲ್ಲೇ ಒಣಗಿಸವ್ವ! ಕಾಯಿಗಳ ಮೇಲೇ ಹರವು! ತೆಗೆಯೋವಾಗ ಮಾತ್ರ ಕೋಲಲ್ಲಿ ತೆಗಿ. ಬೈಗುಳ ಬಂದ್ರೆ ನನ್ನ ತಲೆಗೆ.”

ಮರುದಿನ ಶಾಲು ಬಂತು. ಹಾಲೂ ನಾಚಬೇಕು, ಅಷ್ಟು ಬಿಳಿ!

“ನೋಡಿದಿರಾ, ಮನಸ್ಸು ಮಾಡಿದರೆ ಆಗುತ್ತದೆ. ಇನ್ನು ದಿನಾ ಹೀಗೇ ಇರಬೇಕು, ಇಲ್ಲದಿದ್ದರೆ ಜೋಕೆ!” ಎಂದ ರಾಜ. ಬಾಗಿಲಲ್ಲಿ ನಿಂತಿದ್ದ ಚೌಡವ್ವ ಕೇತಣ್ಣನ ಮುಖ ನೋಡಿದಳು.

“ಮಡಿ ಶಾಲು, ಯಾರೂ ಮುಟ್ಟಬೇಡಿ!” ಎನ್ನುತ್ತ ಕೇತಣ್ಣ ಎರಡು ಕೋಲಿನಿಂದ ಅದನ್ನೆತ್ತಿ ಶೆಟ್ಟರ ಬರಿಮೈಗೆ ಹೊದಿಸಿದ.

ಬಿರುದಾವಳಿ ಓದಿ ಮುಗಿಯುವ ತನಕ ಕೈಮುಗಿದು ಅಲ್ಲಾಡದೆ ನಿಲ್ಲುವುದು ಆ ಸಭೆಯ ಪದ್ಧತಿ. ಓದುವವನು ಕೇತಣ್ಣ. “ಸ್ವಸ್ತಿಶ್ರೀ…” ಎಂದು ರಾಗ ಎಳೆದ. ಶೆಟ್ಟರ ಬಲಭುಜ ಕುಣಿಯಿತು. “ಸಕಲ ಸೀಸಾಧಿಪತಿ…” ಎಡಭುಜ ಕುಣಿಯಿತು. ಆಮೇಲೆ ಹೊಟ್ಟೆ. ಕೊನೆಗೆ ಶೆಟ್ಟರು ಶಾಲು ಕಿತ್ತೆಸೆದು ಕಂಬಕ್ಕೆ ಬೆನ್ನು ಉಜ್ಜತೊಡಗಿದರು.

“ಅಯ್ಯಯ್ಯಪ್ಪೋ, ತುರಿಕೆ! ಸತ್ತೆ! ಯಾರಾದ್ರೂ ಏನಾದ್ರೂ ಮಾಡ್ರಪ್ಪಾ!”

“ಆ ತುರಿಕೆ ನಿಮ್ಮದಲ್ಲ ಬಿಡಿ ಶೆಟ್ಟರೇ, ನಸುಗುನ್ನಿ ಬಳ್ಳಿಯದು,” ಎಂದ ಕೇತಣ್ಣ.

“ಬೆನ್ನು ನನ್ನದಲ್ವೇನೋ!”

“ಒಂದು ವೇಳೆ ನಿಮ್ಮದೇ ಅನ್ನಿ, ಏರ್ಪಾಡಾಗಿದೆ. ಹುಣಸೆಗುಡ್ಡದ ಮೇಲೆ ಮಾಳಿಂಗನ ಬೆನ್ನನ್ನು ಬೆಳಗಿನಿಂದ ಇಬ್ಬರು ಕೆರೆಯುತ್ತಿದ್ದಾರೆ.”

“ಅಲ್ಲಿ ಅವನಿಗೆ ಕೆರೆದರೆ ಇಲ್ಲಿ ನನಗೇನು ಬಂತೋ ಮಾರಾಯ!”

“ಸಾಲದ್ದಕ್ಕೆ, ಇನ್ನು ಮೂವತ್ತು ವರ್ಷದಲ್ಲಿ ನಿಮ್ಮ ತುರಿಕೆಯನ್ನು ಅರ್ಧ ಮಾಡುತ್ತೇವೆ. ತಾಮ್ರಪಟ ಕೆತ್ತಿಸಲೇ?”

“ಈಗ! ಈಗಲೇ! ಈ ಗಳಿಗೆಯಲ್ಲೇ!” ಶೆಟ್ಟರು ಕಂಬ ಬಿಟ್ಟು ನೆಲಕ್ಕೆ ಬಿದ್ದು ಹೊರಳಾಡಿದರು.

ರಾಜ ಶೆಟ್ಟರನ್ನು ನೋಡಿದ, ಕಿಟಕಿ ನೋಡಿದ, ತನ್ನ ಧೋತರ ನೋಡಿದ. “ಶಾಲು ಎಲ್ಲಿ ಒಣಗಿಸಿದೆ, ಚೌಡವ್ವ?”

“ನಸುಗುನ್ನಿ ಮೇಲೆ, ಬುದ್ಧಿ. ಮಸಿ ಬೀಳದ ಜಾಗ ಊರಲ್ಲಿ ಅದೊಂದೇ.”

ರಾಜನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮಿ, ಕೆಮ್ಮಿ ನಕ್ಕು, “ತಪ್ಪು ನನ್ನದು ತಾಯಿ. ಕಲ್ಲೂ ನಿನ್ನದೇ, ಕೆಲಸವೂ ನಿನ್ನದೇ,” ಎಂದ.

“ಈ ತುರಿಕೆಗೆ ಮೈತುಂಬ ಸಗಣಿ ಬಳಿಯಬೇಕು,” ಎಂದರು ಔಷಧಶಾಲೆಯ ವೈದ್ಯರು.

“ಬಳೀರಿ ಸ್ವಾಮಿ!”

“ಮೊದಲು ಭಟ್ಟಿಯ ಮಾತು,” ಎಂದ ರಾಜ. “ಇವತ್ತಿನಿಂದ ಔಷಧದ ಖಾಲಿ ಸೀಸೆಗಳೆಲ್ಲ ವಾಪಸ್ ಬರಬೇಕು. ತೊಳೆದು ಮತ್ತೆ ತುಂಬಬೇಕು. ಒಡೆದಷ್ಟಕ್ಕೆ ಮಾತ್ರ ಹೊಸದು. ಅದಕ್ಕೆ ಎಷ್ಟು ಭಟ್ಟಿ ಬೇಕು?”

“ಎರಡು! ಎರಡೇ ಸಾಕು! ಹತ್ತನ್ನು ಈಗಲೇ ಆರಿಸ್ತೀನಿ! ಸಗಣಿ, ಸಗಣಿ!”

ಸಂಜೆಯೊಳಗೆ ಹತ್ತು ಭಟ್ಟಿ ತಣ್ಣಗಾದವು. ಚೌಡವ್ವ ರಾಜನ ಧೋತರವನ್ನು ಹೊಳೆಯ ದಂಡೆಯಲ್ಲಿ ಹರವಿ, ಒಣಗುವ ತನಕ ಪಕ್ಕದಲ್ಲೇ ಕುಂತು ಕಣ್ತುಂಬ ನೋಡಿದಳು.

ಮೈಗೆಲ್ಲ ಸಗಣಿ ಮೆತ್ತಿಸಿಕೊಂಡ ಶೆಟ್ಟರು ಅರಮನೆಯಿಂದ ಹೋಗುವಾಗ ಮೆಲ್ಲಗೆ ಕೇಳಿದರು: “ಅದಿರಲಿ, ನನ್ನ ಬಿರುದು?”

“ಚಿಂತೆ ಬಿಡಿ ಶೆಟ್ಟರೇ,” ಎಂದ ಕೇತಣ್ಣ. “ನಿಮ್ಮ ಪರವಾಗಿ ಅದನ್ನು ಗುಡ್ಡದ ಮೇಲೆ ಮಾಳಿಂಗನಿಗೆ ಕೊಟ್ಟಾಗಿದೆ. ಶಾಲು ಮಾತ್ರ ನಿಮ್ಮದೇ. ಇಗೋ, ಹೊದ್ದುಕೊಳ್ಳಿ!”