ಎರಡನೆಯ ಬಟ್ಟಲು

"ತಾಯಿ, ಇಬ್ಬರಲ್ಲಿ ಯಾರನ್ನು ಉಳಿಸಿಕೊಳ್ಳಲಿ, ಯಾರನ್ನು ಕಳಿಸಿಬಿಡಲಿ?" ಎಂದು ಕಲ್ಲಯ್ಯ ಕೇಳಿದ.

ಆಶ್ರಮದ ಶಾಲೆಗೆ ಒಬ್ಬ ಉಪಾಧ್ಯಾಯರು ಬೇಕಾಗಿತ್ತು. ಇಬ್ಬರು ಬಂದಿದ್ದರು. ಇಬ್ಬರ ಪಾಠವನ್ನೂ ಕೇಳಿ ಒಬ್ಬರನ್ನು ಆರಿಸು ಎಂದು ಗುರುತಾಯಿ ಶಿಷ್ಯನಿಗೇ ಒಪ್ಪಿಸಿದ್ದರು. ಹಿಂದಿನ ದಿನ ಅವನು ಒಂದರ ಹಿಂದೆ ಒಂದರಂತೆ ಎರಡೂ ಪಾಠಕ್ಕೆ ಕೂತಿದ್ದ.

"ಪಂಡಿತರು ಬಾಯಿ ತೆರೆದರೆ ಗೋಡೆ ನಡುಗುತ್ತದೆ. ಶಾಸ್ತ್ರವೆಲ್ಲ ನಾಲಿಗೆಯ ಮೇಲಿದೆ. ಆ ನಾಗವೇಣಿಯವರ ಪಾಠ ಸಪ್ಪೆ ತಾಯಿ. ಏನು ಹೇಳಿದರು ಅನ್ನುವುದೂ ನೆನಪಿಲ್ಲ. ಅವರಿಗೆ ಬೇಡವೆಂದು ಹೇಳಿಬಿಡಲೇ?"

"ಹೇಳುವೆಯಂತೆ. ಅದಕ್ಕೆ ಮುಂಚೆ ಎರಡು ವೈನ್‌ಗಳ ಕತೆ ಕೇಳು."

ಕಲ್ಲಯ್ಯ ತಬ್ಬಿಬ್ಬಾದ. "ಆಶ್ರಮದಲ್ಲಿ ಕುಡಿತದ ಕತೆಯೇ?"

"ಕುಡಿ ಅಂದೆನೇ? ಕೇಳು ಅಂದೆ," ಎಂದು ಗುರುತಾಯಿ ಕತೆ ಶುರುಮಾಡಿದರು.

ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿಗೆ ಹೆಸರಾದ ಎರಡು ಸೀಮೆಗಳಿವೆ. ಒಂದು ಬೋರ್ಡೊ, ಇನ್ನೊಂದು ಬರ್ಗಂಡಿ. ಎರಡೂ ಕಡೆ ಕೆಂಪು ವೈನ್ ಮಾಡುತ್ತಾರೆ. ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಬೋರ್ಡೊದವರು ಎರಡು ಮೂರು ಜಾತಿಯ ದ್ರಾಕ್ಷಿಯನ್ನು ಕೂಡಿಸಿ ಮಾಡುತ್ತಾರೆ. ಅದರ ಬಣ್ಣ ನೇರಳೆ ಹಣ್ಣಿನದು. ಬಾಯಿಗೆ ಬಿದ್ದೊಡನೆ ಒಗರು ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಬರ್ಗಂಡಿಯವರದು ಒಂದೇ ಜಾತಿ, ತೆಳು ಸಿಪ್ಪೆಯ ಹಣ್ಣು. ಆ ವೈನಿನ ಬಣ್ಣ ದಾಳಿಂಬೆ ಕಾಳಿನಷ್ಟು ತಿಳಿ. ಗಾಜಿನ ಬಟ್ಟಲಿಗೆ ಸುರಿದರೆ ಆಚೆಯ ಬೆರಳು ಕಾಣುತ್ತದೆ. ಅದು ಮೊದಲು ಮೂಗಿಗೆ ಬರುತ್ತದೆ, ಆಮೇಲೆ ತುಸು ಹುಳಿಯಾಗಿ ಗಂಟಲಿಗೆ ಜಾರುತ್ತದೆ, ನುಂಗಿದ ಮೇಲೆ ಘಮವಾಗಿ ತಿರುಗಿ ಬರುತ್ತದೆ. ತಿರುಗಿ ಬರುವವರೆಗೆ ಕಾಯದವನಿಗೆ ಅದು ಸಿಗುವುದಿಲ್ಲ.

ಬರ್ಗಂಡಿಯಲ್ಲಿ ಒಬ್ಬ ಹೆಂಗಸಿದ್ದಳು. ಕಂಡವರ ತೋಟದಲ್ಲಿ ದ್ರಾಕ್ಷಿ ಕೊಯ್ಯುವ ಕೂಲಿಯಿಂದ ಬದುಕು ಕಟ್ಟಿದವಳು. ಯಾರಿಗೂ ಬೇಡವಾಗಿದ್ದ ಒಂದು ಕಲ್ಲಿನ ಇಳಿಜಾರನ್ನು ಕೊಂಡು, ತಾನೇ ಅಗೆದು, ತಾನೇ ಬಳ್ಳಿ ನೆಟ್ಟಳು. ವೈನ್ ಮಾಡುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಎರಡು ವರ್ಷ ಮಾಡಿದ್ದೆಲ್ಲ ಹುಳಿತು ಹೋಯಿತು. ಮೂರನೆಯ ವರ್ಷ ಕೈ ಕುದುರಿತು.

ಬೆಳೆದದ್ದನ್ನು ಕೊಳ್ಳುವವನು ಮಾತ್ರ ಸಿಗಲಿಲ್ಲ. ದೂರದ ಪಟ್ಟಣದಲ್ಲಿ ಒಬ್ಬ ವರ್ತಕನಿದ್ದ. ಅವನ ನಾಲಿಗೆ ಒಪ್ಪಿದ್ದನ್ನು ಪಟ್ಟಣವೆಲ್ಲ ಒಪ್ಪುತ್ತಿತ್ತು, ಅವನು ಒಲ್ಲೆ ಅಂದದ್ದನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವಳು ಮೂರು ವರ್ಷ ಅವನಿಗೆ ಪೀಪಾಯಿ ಕಳಿಸಿದಳು. ಮೂರು ವರ್ಷವೂ ಪೀಪಾಯಿ ಒಂದೇ ಮಾತನ್ನು ಹೊತ್ತು ತಿರುಗಿ ಬಂತು: ನೀರು.

"ಒಂದು ಬಿಂದಿಗೆ ಕಪ್ಪು ವೈನ್ ಸುರಿಯಕ್ಕಾ, ಬಣ್ಣವೂ ಬರುತ್ತೆ, ಗಟ್ಟಿತನವೂ ಬರುತ್ತೆ. ಯಾರಿಗೆ ಗೊತ್ತಾಗುತ್ತೆ?" ಎಂದ ನೆರೆಯ ತೋಟದವನು.

"ಬೆರೆಸಿ ಮಾರುವ ಹಾಗಿದ್ದರೆ ಬೆಳೆದದ್ದು ಯಾಕೆ?" ಎಂದಳು ಅವಳು.

ಹೀಗೆ ಕಳಿಸತೊಡಗಿದ ನಾಲ್ಕನೆಯ ವರ್ಷ, ತೋಟಕ್ಕೆ ಗೊಬ್ಬರ ಹೊರುತ್ತಿದ್ದ ಗಂಡನ ತಾಳ್ಮೆ ಮುಗಿಯಿತು. "ನಿನ್ನ ಹಟಕ್ಕೆ ನಾನೆಷ್ಟು ವರ್ಷ ಗೊಬ್ಬರ ಹಾಕಲಿ? ಈ ಸಲವೂ ತಿರುಗಿ ಬಂದರೆ ಬಳ್ಳಿ ಕಿತ್ತು ಬೇರೆ ದ್ರಾಕ್ಷಿ ನೆಡೋಣ."

ಆ ಬಳ್ಳಿಗಳ ಒಂದೊಂದು ಬುಡವೂ ಅವಳ ಕೈ ಕಂಡದ್ದು. ಆದರೂ ಗಂಡನ ಮಾತಿನಲ್ಲಿ ಅನ್ಯಾಯವಿರಲಿಲ್ಲ. ಆಗಲಿ ಎಂದಳು. ಈ ಸಲ ಪೀಪಾಯಿಯ ಜೊತೆ ಗಾಡಿ ಹತ್ತಿ ತಾನೂ ಹೊರಟಳು.

ವರ್ತಕ ಒಳ್ಳೆಯವನು. ಅವಳನ್ನು ಕೂರಿಸಿದ, ರೊಟ್ಟಿ ಕೊಡಿಸಿದ. ಅವಳ ಎದುರಿಗೇ ಎರಡು ಬಟ್ಟಲು ಇಡಿಸಿದ. ಅವನು ಹುಟ್ಟಿದ್ದು ಬೋರ್ಡೊ ಸೀಮೆಯಲ್ಲಿ. ಯಾವ ವೈನನ್ನು ಪರೀಕ್ಷೆ ಮಾಡುವುದಿದ್ದರೂ ಮೊದಲು ತನ್ನೂರಿನದನ್ನು ಒಂದು ಬಟ್ಟಲು ಕುಡಿಯುವುದು ಅವನ ಪದ್ಧತಿ. ಅಳೆಯುವುದಕ್ಕೆ ಒಂದು ಅಳತೆ ಬೇಕಲ್ಲ ಎನ್ನುತ್ತಿದ್ದ. ಆ ದಿನವೂ ಕುಡಿದ. ತುಟಿ ಚಪ್ಪರಿಸಿದ. ಒಗರಿಗೆ ಕೆನ್ನೆ ಇನ್ನೂ ಎಳೆದುಕೊಂಡಿದ್ದ ಹಾಗೆಯೇ ಅವಳ ಬಟ್ಟಲನ್ನು ಎತ್ತಿ ಒಂದು ಗುಟುಕು ಹಾಕಿದ.

"ಬೇಜಾರು ಮಾಡಿಕೊಳ್ಳಬೇಡಮ್ಮಾ. ಇದು ಪೀಪಾಯಿ ತೊಳೆದ ನೀರು."

ಅವಳಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಅವಳು ಅವನ ಮಾತನ್ನು ಕೇಳುತ್ತಿರಲಿಲ್ಲ, ಅವನ ಕೆನ್ನೆಯನ್ನು ನೋಡುತ್ತಿದ್ದಳು. ಕಷಾಯ ಕುಡಿದ ಬಾಯಿಗೆ ಎಳನೀರು ಹಾಕಿದರೆ ಎಳನೀರಿನ ತಪ್ಪೇನು?

"ಸಾಹುಕಾರರೇ, ನಾಳೆ ಬೆಳಗ್ಗೆ ಇನ್ನೊಂದು ಸಲ ನೋಡಿ. ನನ್ನದು ಮೊದಲು, ನಿಮ್ಮೂರಿನದು ಆಮೇಲೆ."

ವರ್ತಕ ನಕ್ಕುಬಿಟ್ಟ. "ವೈನ್ ಅದೇ, ನಾಲಿಗೆ ಅದೇ. ಬಟ್ಟಲು ಹಿಂದುಮುಂದು ಮಾಡಿದರೆ ಇಲ್ಲದ ರುಚಿ ಎಲ್ಲಿಂದ ಬರುತ್ತಮ್ಮಾ?"

"ಬರದಿದ್ದರೆ ಊರಿಗೆ ಹೋಗಿ ಬಳ್ಳಿ ಕೀಳುತ್ತೇನೆ. ನಿಮಗೆ ಖರ್ಚಾಗುವುದು ಒಂದು ಗುಟುಕು."

ಮರುದಿನ ಬೆಳಗ್ಗೆ ವರ್ತಕ ಬಾಯಿ ಮುಕ್ಕಳಿಸಿ ಬಂದು ಕೂತ. ಅವಳ ಬಟ್ಟಲನ್ನು ಎತ್ತಿಕೊಂಡ. ಒಂದು ಗುಟುಕು ಕುಡಿದ. ನುಂಗಿದ್ದು ಘಮವಾಗಿ ತಿರುಗಿ ಬರುತ್ತಿತ್ತು. ಅವನು ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಮತ್ತೊಂದು ಗುಟುಕು ಕುಡಿದ. ಬಟ್ಟಲನ್ನು ಬರಿದು ಮಾಡಿಯೇ ಕೆಳಗಿಟ್ಟ.

ಆಮೇಲೆ ತನ್ನೂರಿನದನ್ನು ಕುಡಿದ. ಅದು ಯಾವತ್ತಿನ ಹಾಗೆಯೇ ಗಟ್ಟಿಯಾಗಿತ್ತು, ಗಂಭೀರವಾಗಿತ್ತು. ಎರಡನೆಯದಾಗಿ ಬಂದದ್ದರಿಂದ ಅದಕ್ಕೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

"ಇಷ್ಟು ತಿಳಿದವಳು ಮೂರು ವರ್ಷ ಯಾಕಮ್ಮಾ ಬರಲಿಲ್ಲ?" ಎಂದು ಕೇಳಿದ.

"ನನ್ನ ವೈನೇ ಮಾತಾಡುತ್ತದೆ, ನಾನು ಯಾಕೆ ಮಾತಾಡಬೇಕು ಅಂದುಕೊಂಡಿದ್ದೆ."

ವರ್ತಕ ಪೀಪಾಯಿಯನ್ನು ಉಗ್ರಾಣಕ್ಕೆ ಇಳಿಸಿಕೊಂಡ, ಮುಂದಿನ ವರ್ಷದ್ದೂ ತನಗೇ ಎಂದು ಮಾತು ತೆಗೆದುಕೊಂಡ. ಹೊರಟವಳನ್ನು ತಡೆದು ಒಂದು ಬಟ್ಟಲು ಬೋರ್ಡೊ ವೈನ್ ಕೊಟ್ಟ. ಅವಳು ಅದನ್ನು ಅಂದಿನವರೆಗೆ ತುಟಿಗೆ ಸೋಕಿಸಿರಲಿಲ್ಲ. ಅದಕ್ಕೆ ಅವಳು ಇಟ್ಟಿದ್ದ ಹೆಸರು ಮಸಿ. ಕೊಟ್ಟವರಿಗೆ ಅವಮಾನವಾಗಬಾರದೆಂದು ಒಂದು ಗುಟುಕು ಕುಡಿದಳು. ಒಗರು ನಾಲಿಗೆಯನ್ನು ಹಿಡಿದುಕೊಂಡಿತು. ಬಿಡಿಸಿಕೊಳ್ಳಬೇಕು ಅನ್ನಿಸಲಿಲ್ಲ. ನಿಂತಲ್ಲೇ ಪೂರ್ತಿ ಕುಡಿದಳು.

"ಹೇಗಿದೆ?"

"ತೆಗೆದುಹಾಕುವ ಹಾಗಿಲ್ಲ," ಎಂದಳು. ಅಂಥ ಹೆಂಗಸಿನ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಅವಳು ಊರು ಮುಟ್ಟಿದಾಗ ಗಂಡ ಹಾರೆ ಹಿಡಿದು ತೋಟದ ಬಾಯಲ್ಲೇ ನಿಂತಿದ್ದ. ಗಾಡಿಯಲ್ಲಿ ಪೀಪಾಯಿ ಇರಲಿಲ್ಲ. ಅವನು ಖಾಲಿ ಗಾಡಿಯನ್ನೂ ಹೆಂಡತಿಯ ಮುಖವನ್ನೂ ನೋಡಿದ.

"ಹಾರೆ ಒಳಗಿಡು. ಹಸಿವಾಗಿದೆ," ಎಂದಳು ಅವಳು.

ಕತೆ ಮುಗಿಯಿತು. ಕಲ್ಲಯ್ಯನಿಗೆ ಸಂತೋಷವಾಗಿತ್ತು. ಬಳ್ಳಿ ಉಳಿಯಿತಲ್ಲ ಎಂದ. ಆಮೇಲೆ ತನ್ನ ಪ್ರಶ್ನೆ ಹಾಗೆಯೇ ಉಳಿದದ್ದು ನೆನಪಾಯಿತು.

"ಆದರೆ ತಾಯಿ, ಎರಡರಲ್ಲಿ ಯಾವುದು ಮೇಲು ಅನ್ನುವುದನ್ನು ನೀವು ಹೇಳಲೇ ಇಲ್ಲ."

ಗುರುತಾಯಿ ಅವನನ್ನು ನೋಡಿ ಕೇಳಿದರು:

"ನಿನ್ನೆ ನೀನು ಮೊದಲು ಯಾರ ಪಾಠಕ್ಕೆ ಕೂತಿದ್ದೆ, ಕಲ್ಲಯ್ಯ?"