ಸೀಲ್ ಒಡೆದ ಹಾರ್ಡ್ ಡಿಸ್ಕ್

ಫೋಟೊ ಸ್ಟುಡಿಯೊದ ಕೆಲಸಗಾರನೊಬ್ಬ ಮದುವೆ ವಿಡಿಯೊಗಳ ಬ್ಯಾಕಪ್‌ಗೆ ದೊಡ್ಡ ಹಾರ್ಡ್ ಡಿಸ್ಕ್ ಕೊಳ್ಳಲು ಹೋದ. ಅಂಗಡಿಯಲ್ಲೇ ಪೆಟ್ಟಿಗೆ ತೆರೆದೊಡನೆ ನಕಲಿಯೆಂಬ ಅನುಮಾನ ಬಂತು. ನಕಲಿ ಡಿಸ್ಕ್ ಎಲ್ಲವನ್ನೂ ತುಂಬಿಕೊಂಡಂತೆ ತೋರಿಸಿ ಕಳೆದುಬಿಡುತ್ತದೆ. ಜನರ ಮದುವೆ ವಿಡಿಯೊ ಕಳೆದುಹೋದರೆ ಅವನ ಕೆಲಸವೂ ಹೋಗುತ್ತಿತ್ತು.

ಬೇಡವೆಂದು ಹೊರಟಾಗ ಅಂಗಡಿಯ ಮಾಲೀಕ ಗುರುಬಸಪ್ಪ ಬಾಗಿಲಿಗೆ ಅಡ್ಡ ನಿಂತರು. "ಸೀಲ್ ಒಡದೀ. ಇನ್ನ ನೀನ ತಗೋಬೇಕು. ನನ್ನ ಮಾಲಿಗೇ ಅನುಮಾನ ಏನಲೇ?"

"ಇಲ್ಲರೀ ಸಾವಕಾರ್ರ, ತಗೋತೀನಿ. ನಾವು ತೆಗೆದ ನಿಮ್ಮ ಮಗಳ ಮದುವಿ ವಿಡಿಯೊ ಈ ಕಂಪ್ಯೂಟರ್‌ನ್ಯಾಗ ಐತಲ್ಲ? ಅದನ್ನ ಇದಕ್ಕ ಹಾಕಿ, ಅಲ್ಲಿಂದ ಅಳಿಸಿಬಿಡ್ರಿ. ಇದರಾಗ ಪೂರ್ತಿ ಓಡಿದ್ರ ರೊಕ್ಕ ಕೊಡ್ತೀನಿ."

ಗುರುಬಸಪ್ಪ ಕಂಪ್ಯೂಟರ್ ಮುಂದೆ ಕೂತರು. ಮೌಸ್ ಮೇಲಿನ ಬೆರಳು ಅಲುಗಲಿಲ್ಲ. ಕೊನೆಗೆ ಎದ್ದು ಒಳಗಿನಿಂದ ಬೇರೊಂದು ಪೆಟ್ಟಿಗೆ ತಂದರು.

"ಇದಕ್ಕ ಹಾಕ್ತೀರೇನ್ರಿ ಮದುವಿ?"

ಸಾವಕಾರರ ದನಿ ಇಳಿಯಿತು. "ಹಾಕ್ತೀನಪ್ಪ. ನಮ್ಮ ಮನ್ಯಾಗ ಬಳಸೋದು ಇಂಥಾದ್ದ."